ಮೆರೋವಿಂಜಿಯನ್ ವಂಶದ ಕೊನೆಯ ಅರಸ, ಪುಚೊಂಗ್ ಶಾಖೆ

ಅಧ್ಯಕ್ಷನಾದವನಿಗೆ ದೂರದೃಷ್ಟಿ ಇರಬೇಕು. ನನಗೆ ಅದು ಧಾರಾಳವಾಗಿತ್ತು. ಮಲೇಷಿಯಾದ ಪುಚೊಂಗ್‌ನ ನಮ್ಮ ಕಾಂಡೋ ಫ್ಲ್ಯಾಟಿನಲ್ಲಿ ಕೂತು ಸಾವಿರ ವರ್ಷಕ್ಕೂ ಹಿಂದಿನ ಯುರೋಪನ್ನು ಸ್ಪಷ್ಟವಾಗಿ ಕಂಡವನು ನಾನು. ಬರುವ ಭಾನುವಾರ ಏನಾಗಲಿದೆ ಎಂಬುದು ಮಾತ್ರ ಕಾಣಿಸಲಿಲ್ಲ.

ನಾನು ಇಲ್ಲಿನ ನಮ್ಮ ಕನ್ನಡ ಬಳಗದ ಅಧ್ಯಕ್ಷ. ಆಗಿದ್ದೆ. ಸೈಬರ್‌ಜಯಾದ ಆಫೀಸಿನಲ್ಲಿ ನಾನು ಟೆಸ್ಟಿಂಗ್ ಟೀಮಿನ ಮೂಲೆಯ ಮೇಜಿನವನು. ನನಗಿಂತ ಎಷ್ಟೋ ಚಿಕ್ಕವನಾದ ಮ್ಯಾನೇಜರ್ ಇವತ್ತಿಗೂ ನನ್ನನ್ನು ಪಕ್ಕದ ಮೇಜಿನವನ ಹೆಸರಿನಿಂದ ಕರೆಯುತ್ತಾನೆ. ಮನೆಯಲ್ಲಿ ನನಗೆ ‘ರೀ’ ಎಂಬುದು ಒಂದು ಹೆಸರು, ‘ಅಪ್ಪಾ ನಾಟ್ ನೌ’ ಎಂಬುದು ಇನ್ನೊಂದು. ಆದರೆ ಅಂಗಡಿಯಲ್ಲಿ ತೊಗರಿಬೇಳೆ ಆರಿಸುವಾಗ ಹಿಂದಿನಿಂದ ಯಾರಾದರೂ “ನಮಸ್ಕಾರ ಅಧ್ಯಕ್ಷರೇ” ಎಂದರೆ ಸಾಕು, ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಮುಚ್ಚುಮರೆ ಏಕೆ, ಆ ಪದವನ್ನು ನಾನು ತುಂಬ ಪ್ರೀತಿಸುತ್ತಿದ್ದೆ. ಅದು ಕೈತಪ್ಪಬಹುದೆಂಬ ಯೋಚನೆಯನ್ನೇ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಬಳಗದ ಕಾರ್ಯದರ್ಶಿ ಬಸವರಾಜ್. ಹುಬ್ಬಳ್ಳಿಯ ಆರಡಿ ಆಳು, ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಿಸುವ ಕಂಪನಿಯೊಂದರಲ್ಲಿ ಕೆಲಸ. ಹಾಲ್ ಬುಕ್ ಮಾಡುವುದು, ಊಟಕ್ಕೆ ಹೇಳುವುದು, ಮೈಕ್ ತರಿಸುವುದು, ಊರಿನಿಂದ ಓದಲು ಬಂದ ಹುಡುಗರಿಗೆ ರೂಮು ಹುಡುಕಿಕೊಡುವುದು, ಮಾತು ಬಿಟ್ಟವರನ್ನು ಕೂರಿಸಿ ಮಾತಾಡಿಸುವುದು, ಇಂಥ ಸಣ್ಣಪುಟ್ಟ ಕೆಲಸಗಳೆಲ್ಲ ಅವರದು. ದೀಪ ಬೆಳಗುವುದು, ಶಾಲು ಹೊದಿಸುವುದು ಮತ್ತು ‘ಎರಡು ಮಾತು’ ಹೇಳುವುದು ನನ್ನದು. ಆ ಎರಡು ಮಾತನ್ನು ಬರೆದುಕೊಡುತ್ತಿದ್ದವರೂ ಬಸವರಾಜ್ ಅವರೇ.

ನಮ್ಮಲ್ಲಿ ರಾಜ್ಯೋತ್ಸವಕ್ಕೆ ಪ್ರತಿವರ್ಷ ಒಂದು ಐತಿಹಾಸಿಕ ನಾಟಕ ಆಗಲೇಬೇಕು. ಅದರ ಬೆನ್ನಿಗೇ ಒಂದು ಜಗಳವೂ ಆಗಲೇಬೇಕು. ಹೊಯ್ಸಳರನ್ನು ಆಡಿಸಿದರೆ, “ನಮ್ಮ ಚಾಲುಕ್ಯರು ಏನ್ ತಪ್ಪು ಮಾಡ್ಯಾರ್ರಿ?” ಎಂದು ಹುಬ್ಬಳ್ಳಿ ಧಾರವಾಡದವರು ಕೇಳುತ್ತಾರೆ. ಚಾಲುಕ್ಯರನ್ನು ತಂದರೆ, “ಅಬ್ಬಕ್ಕ ರಾಣಿ ಬರುವುದು ಯಾವಾಗ ಮಾರಾಯ್ರೆ?” ಎಂದು ಕರಾವಳಿಯವರು. ಅಬ್ಬಕ್ಕ ಬಂದ ವರ್ಷ ನಮ್ಮ ಮೈಸೂರಿನವರು ಊಟಕ್ಕೂ ನಿಲ್ಲದೆ ಮನೆಗೆ ಹೋದರು. ಯಾರಿಗೂ ನೋವಾಗದ ಒಂದು ರಾಜವಂಶ ಬೇಕಿತ್ತು. ಕನ್ನಡನಾಡಿನಲ್ಲಿ ಅಂಥದ್ದು ಒಂದೂ ಸಿಗಲಿಲ್ಲ.

ಸಿಕ್ಕಿದ್ದು ಪುತ್ರಜಯಾದ ಒಂದು ಸರ್ಕಾರಿ ಕಟ್ಟಡದ ಮುಂದೆ! ಆಫೀಸಿನ ಗೆಳೆಯನೊಬ್ಬ ಏನೋ ಕೆಲಸಕ್ಕೆ ಒಳಗೆ ಹೋಗಿದ್ದ, ನಾನು ಕಾರಿನಲ್ಲಿ ಕಾಯುತ್ತಿದ್ದೆ. ಹಿಂದಿನ ಸೀಟಿನಲ್ಲಿ ಮಗಳು ಅನಘಾ ಮರೆತು ಹೋಗಿದ್ದ ಚರಿತ್ರೆಯ ಪುಸ್ತಕವಿತ್ತು. ತೆರೆದರೆ ಮೆರೋವಿಂಜಿಯನ್ನರು! ಈಗ ಫ್ರಾನ್ಸ್ ಇರುವ ಕಡೆ ಫ್ರಾಂಕರೆಂಬ ಜನರನ್ನು ಆಳಿದವರು. ಕ್ಲೋವಿಸ್ ಎಂಬ ಪರಾಕ್ರಮಿ ಬೆಳೆಸಿದ ವಂಶ. ಇವರ ವಿಶೇಷ ಏನೆಂದರೆ ಕೂದಲು. ರಾಜಮನೆತನದವರು ಕೂದಲು ಕತ್ತರಿಸುವಂತಿಲ್ಲ. ಹೆಗಲ ಮೇಲೆ ಇಳಿಬಿಟ್ಟ ಉದ್ದನೆಯ ಕೂದಲೇ ಅವರ ಅಧಿಕಾರದ ಗುರುತು. ಅದನ್ನು ಕತ್ತರಿಸಿದರೆ ಪಟ್ಟ ಹೋಯಿತು, ಮಠಕ್ಕೆ ನಡೆ!

ಓದುತ್ತ ಓದುತ್ತ ನನ್ನ ಕೈ ತಲೆಯ ಮೇಲೆ ಹೋಯಿತು. ಅಲ್ಲಿ ಅದಕ್ಕೆ ಏನೂ ಕೆಲಸವಿರಲಿಲ್ಲ. ನನ್ನ ಕೂದಲು ಮಲೇಷಿಯಾಕ್ಕೆ ಬರುವ ಮೊದಲೇ ನನ್ನನ್ನು ಬಿಟ್ಟು ಹೋಗಿತ್ತು. ಅಂಥವನಿಗೆ ಸೊಂಟದವರೆಗೆ ಕೂದಲಿರುವ ರಾಜನ ಪಾತ್ರ! ಅಧ್ಯಾಯ ಅರ್ಧ ಮುಗಿಯುವಷ್ಟರಲ್ಲಿ ಗೆಳೆಯ ವಾಪಸ್ ಬಂದ. ಅಷ್ಟು ಸಾಕು ಎಂದು ಪುಸ್ತಕ ಮುಚ್ಚಿದೆ. ವಂಶ ಹೇಗೆ ಹುಟ್ಟಿತು ಎಂದು ತಿಳಿದ ಮೇಲೆ ಹೇಗೆ ಹಾಳಾಯಿತು ಎಂಬುದನ್ನು ನಿಧಾನವಾಗಿ ನೋಡಿಕೊಂಡರಾಯಿತು.

ಸಮಿತಿ ಸಭೆ ಎಂದಿನಂತೆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ, ತೇ ತಾರಿಕ್ ಚಹಾದ ಗ್ಲಾಸುಗಳ ನಡುವೆ ಸೇರಿತು.

“ಈ ವರ್ಷ ಮೆರೋವಿಂಜಿಯನ್ ವಂಶ,” ಎಂದು ಘೋಷಿಸಿದೆ.

ಬಸವರಾಜ್ ರೋಟಿ ಚನಾಯ್ ಹರಿಯುವುದನ್ನು ನಿಲ್ಲಿಸಿದರು. “ಯಾವ ಕಡೆಯವ್ರು ರೀ ಸರ ಇವ್ರು? ರಾಯಚೂರ ಕಡೇನ?”

“ಫ್ರಾನ್ಸ್.”

“ಕನ್ನಡ ರಾಜ್ಯೋತ್ಸವಕ್ಕ?”

“ಅದೇ ಇದರ ಸೊಗಸು ಬಸವರಾಜ್! ಈ ರಾಜರು ನಮ್ಮಲ್ಲಿ ಯಾರ ಊರಿನವರೂ ಅಲ್ಲ. ಯಾರೂ ಮುನಿಸಿಕೊಳ್ಳೋ ಹಾಗಿಲ್ಲ.”

ಖಜಾಂಚಿ ಶೆಟ್ಟರು ಉಡುಪಿಯವರು, ಯೋಚನೆ ಮಾಡಿ ಮಾತಾಡುವವರು. “ಅದು ಹೌದು ಮಾರಾಯ್ರೆ. ಅವರ ಕಡೆಯವರು ಇಲ್ಲಿ ಯಾರೂ ಇಲ್ಲ. ಬೈಯುವವರು ಇಲ್ಲ. ಆದ್ರೆ ನೋಡುವವರು ಉಂಟಾ?”

“ಅಧ್ಯಕ್ಷರು ಹೇಳ್ಯಾರಂದ್ರ ಮುಗೀತು,” ಎಂದರು ಬಸವರಾಜ್. “ಮಾಡೂಣು ಬಿಡ್ರಿ.”

ನಾಟಕ ಬರೆಯಲು ಕೂತಾಗ ಅಧ್ಯಾಯದ ಉಳಿದರ್ಧ ಓದಿದೆ. ಈ ವಂಶದ ಕೊನೆಯ ಅರಸರನ್ನು ಚರಿತ್ರೆಕಾರರು ‘ಏನೂ ಮಾಡದ ಅರಸರು’ ಎಂದೇ ಕರೆಯುತ್ತಾರಂತೆ. ಕೂದಲು ಬಿಟ್ಟುಕೊಂಡು ಸಿಂಹಾಸನದ ಮೇಲೆ ಕೂರುವುದು, ಬಂದ ರಾಯಭಾರಿಗಳಿಗೆ ಹೇಳಿಕೊಟ್ಟ ಉತ್ತರವನ್ನು ಒಪ್ಪಿಸುವುದು, ಎತ್ತಿನ ಗಾಡಿಯಲ್ಲಿ ಊರು ಸುತ್ತುವುದು, ಇಷ್ಟೇ ಅವರ ಕೆಲಸ. ರಾಜ್ಯ ನಡೆಸುತ್ತಿದ್ದವನು ಅರಮನೆಯ ಮುಖ್ಯಾಧಿಕಾರಿ. ಕೊನೆಗೆ ಪೆಪಿನ್ ಎಂಬ ಅಧಿಕಾರಿ ಪೋಪ್ ಬಳಿಗೆ ದೂತರನ್ನು ಕಳಿಸಿ, ಹೆಸರಿಗೆ ಮಾತ್ರ ರಾಜನಾದವನು ರಾಜನೋ, ಕೆಲಸ ಮಾಡುವವನು ರಾಜನೋ ಎಂದು ಕೇಳಿಸಿದ. ಕೆಲಸ ಮಾಡುವವನೇ ಎಂದರು ಪೋಪ್. ಅರಸ ಚಿಲ್ಡರಿಕ್‌ನ ಕೂದಲು ಕತ್ತರಿಸಿ ಮಠಕ್ಕೆ ಅಟ್ಟಿದರು. ಪೆಪಿನ್ ಪಟ್ಟಕ್ಕೆ ಬಂದ, ಅವನ ಮಗ ಶಾರ್ಲೆಮೇನ್ ಚಕ್ರವರ್ತಿಯೇ ಆದ.

ಒಳ್ಳೆಯ ಕಥೆ ಎನಿಸಿತು. ಬೇರೆ ಏನೂ ಅನಿಸಲಿಲ್ಲ! ಖುಷಿಯಿಂದ ಕಂಪನಿ ನಾಟಕದ ಶೈಲಿಯಲ್ಲಿ, ‘ಎಲವೋ ದೂತನೇ’ ಎಂದು ಶುರುಮಾಡಿ ಮಂಗಳದವರೆಗೆ ಬರೆದು ಮುಗಿಸಿದೆ. ಅರಸ ಚಿಲ್ಡರಿಕ್ ನಾನು. ಪೋಪ್ ಶೆಟ್ಟರು. ಪೆಪಿನ್ ಪಾತ್ರಕ್ಕೆ ಬಸವರಾಜ್. ಚರಿತ್ರೆಯಲ್ಲಿ ಪೆಪಿನ್‌ಗೆ ‘ಕುಳ್ಳ’ ಎಂಬ ಅಡ್ಡಹೆಸರಿದೆ. ನಮ್ಮ ಪೆಪಿನ್ ಬಾಗಿಲಲ್ಲಿ ತಲೆ ಬಗ್ಗಿಸಿ ಬರುವವರು. ಇರಲಿ, ಸಂಭಾಷಣೆ ಬಾಯಿಪಾಠ ಮಾಡುವ ತಾಳ್ಮೆ ಅವರೊಬ್ಬರಿಗೇ ಇತ್ತು.

ಬರೆದದ್ದನ್ನು ಹೆಂಡತಿ ವಸುಧಾಗೆ ಓದಲು ಕೊಟ್ಟೆ. ಅವಳು ಓದಿದಳು. ನಕ್ಕಳು. ಕಣ್ಣೊರೆಸಿಕೊಂಡು ಮತ್ತೆ ನಕ್ಕಳು.

“ಅದರಲ್ಲಿ ಹಾಸ್ಯ ಇಲ್ಲವಲ್ಲ,” ಎಂದೆ.

“ರೀ, ಇದನ್ನ ನಿಜವಾಗ್ಲೂ ನೀವೇ ಬರೆದ್ರಾ? ರಾಜ ಸುಮ್ನೆ ಕೂತಿರ್ತಾನೆ. ಹಾರ ಹಾಕಿಸ್ಕೊಳ್ತಾನೆ. ಹೇಳಿಕೊಟ್ಟಿದ್ದನ್ನ ಒಪ್ಪಿಸ್ತಾನೆ. ಕೆಲಸ ಎಲ್ಲಾ ಇನ್ನೊಬ್ರು ಮಾಡ್ತಾರೆ. ಆಮೇಲೆ ಆ ಇನ್ನೊಬ್ರನ್ನೇ ರಾಜನ್ನ ಮಾಡ್ತಾರೆ. ಆವತ್ತು ನಾಟಕ ಮುಗಿದ ಮೇಲೆ ಏನಿದೆ ಹೇಳಿ?”

ನಾಟಕ ಮುಗಿದ ಮೇಲೆ ವಾರ್ಷಿಕ ಸಭೆ ಇತ್ತು. ಹೊಸ ಅಧ್ಯಕ್ಷರ ಆಯ್ಕೆ ಇತ್ತು!

ಪ್ರತಿಯನ್ನು ಅವಳ ಕೈಯಿಂದ ಕಿತ್ತುಕೊಂಡೆ. ಪಾತ್ರಗಳು ಹಂಚಿಯಾಗಿದ್ದವು, ಆಹ್ವಾನ ಎಲ್ಲರ ಫೋನಿಗೂ ಹೋಗಿತ್ತು. ನಾಟಕ ನಿಲ್ಲಿಸಿದರೆ ಯಾಕೆ ಎಂದು ಕೇಳುತ್ತಾರೆ. ಉಳಿದಿದ್ದು ಒಂದೇ ದಾರಿ. ಯುರೋಪಿನ ಚರಿತ್ರೆಯನ್ನು ನಮ್ಮ ಊಟದ ಮೇಜಿನ ಮೇಲೆ ಒಂದು ಸಂಜೆಯಲ್ಲಿ ತಿದ್ದಿದೆ. ನನ್ನ ಹೊಸ ಪ್ರತಿಯಲ್ಲಿ ಪೋಪ್ ಹೀಗೆ ಅಪ್ಪಣೆ ಕೊಡುತ್ತಾರೆ: “ಪಟ್ಟವಿದ್ದವನೇ ಅರಸನು! ಎಲೈ ಪೆಪಿನನೇ, ಮರುಮಾತಿಲ್ಲದೆ ನಿನ್ನ ಕೆಲಸವನ್ನು ನೀನು ಮಾಡು!” ಪೆಪಿನ್ ಅರಸನ ಕಾಲಿಗೆ ಬೀಳುತ್ತಾನೆ. ಅರಸ ಕ್ಷಮಿಸುತ್ತಾನೆ. ಮಂಗಳ.

ಅನಘಾ ಹಿಂದಿನಿಂದ ಇಣುಕಿ ನೋಡಿ, ಮಾತಿನ ಕೊನೆಗೆ ‘ಲಾ’ ಹಚ್ಚುವ ಇಲ್ಲಿನ ಇಂಗ್ಲಿಷಿನಲ್ಲಿ ಹೇಳಿದಳು. “ಅಪ್ಪಾ, ದಿಸ್ ಈಸ್ ಫೇಕ್ ನ್ಯೂಸ್ ಲಾ. ಹೀ ಲಾಸ್ಟ್.”

“ಕಲಾವಿದನಿಗೆ ಸ್ವಾತಂತ್ರ್ಯ ಅಂತ ಒಂದಿರುತ್ತೆ ಪುಟ್ಟಾ.”

“ಮೈ ಟೀಚರ್ ವಿಲ್ ಗಿವ್ ಯು ಜೀರೋ.”

ಹೊಸ ಪ್ರತಿಯನ್ನು ಯಾರೂ ಪ್ರಶ್ನಿಸಲಿಲ್ಲ. ಹಳೆಯದನ್ನು ಯಾರೂ ಓದಿರಲಿಲ್ಲ. ಧೈರ್ಯ ಬಂದು, ಪಸಾರ್ ಮಾಲಮ್ ಎಂಬ ರಾತ್ರಿ ಸಂತೆಯಲ್ಲಿ ಒಂದು ವಿಗ್ ಕೊಂಡೆ. ಹೊಂಬಣ್ಣದ ಕೂದಲು, ಸೊಂಟದವರೆಗೆ, ಹಣೆಯ ಮೇಲೆ ಗುಂಗುರು. ಹಾಕಿಕೊಂಡು ಗಾಂಭೀರ್ಯದಿಂದ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ವಸುಧಾ ತಿರುಗಿ ನೋಡಿ, “ಯಾರು ಬೇಕಾಗಿತ್ತು ಮೇಡಂ?” ಎಂದಳು.

ಎತ್ತಿನ ಗಾಡಿಯ ಚಿಂತೆಯನ್ನು ಬಸವರಾಜ್ ಬಗೆಹರಿಸಿದರು. ಬಂದರಿನಲ್ಲಿ ಭಾರದ ಪೆಟ್ಟಿಗೆಗಳನ್ನು ಎತ್ತಿ ಎಳೆಯುವ ಕೈಗಾಡಿಯೊಂದನ್ನು ಕಂಪನಿಯಲ್ಲಿ ಕೇಳಿ ತಂದರು. ಅದರ ಮೇಲೆ ಹಲಗೆ, ಹಲಗೆಯ ಮೇಲೆ ನಮ್ಮ ಮನೆಯ ಸೋಫಾದ ದಿಂಬು, ಪಕ್ಕಕ್ಕೆ ರಟ್ಟಿನ ಚಕ್ರ. ಎತ್ತುಗಳಾಗಿ ಬೆಂಗಳೂರಿನಿಂದ ಹೊಸದಾಗಿ ಬಂದ ಇಬ್ಬರು ಸಾಫ್ಟ್‌ವೇರ್ ಇಂಜಿನಿಯರುಗಳು. ತುಂಬ ಉತ್ಸಾಹಿಗಳು. ಅದೇ ಮುಂದೆ ತೊಂದರೆಯಾಯಿತು.

ಭಾನುವಾರ ಬಂತು. ಆ ದಿನ ಬಸವರಾಜ್ ನನಗೂ ಒಂದು ಕೆಲಸ ಕೊಟ್ಟಿದ್ದರು. “ಸರ, ಎಲ್ಲಾರೂ ಸ್ಟೇಜ್ ಕಟ್ಟೂದ್ರಾಗ ಅದಾರ್ರಿ. ನೀವು ಬರೂವಾಗ ಅಡಗಿಯವರ ಕಡಿಂದ ಬಿಸಿಬೇಳೆಭಾತ್ ಡಬ್ಬಿ ಇಸಗೊಂಡು ಬರ್ತೀರೇನ್ರಿ?” ಖಂಡಿತ ಎಂದಿದ್ದೆ. ಆದರೆ ಬೆಳಗಿನಿಂದ ಕನ್ನಡಿಯ ಮುಂದೆ ಕೂದಲು ಹಿಂದಕ್ಕೆ ಎಸೆಯುವುದನ್ನು ಅಭ್ಯಾಸ ಮಾಡುತ್ತಿದ್ದೆ. ಜೀವಮಾನದಲ್ಲಿ ಮೊದಲ ಸಲ ಎಸೆಯಲು ಕೂದಲು ಸಿಕ್ಕಿತ್ತು! ಹಾಲ್‌ಗೆ ಬಂದು ಕಾರಿನಿಂದ ಇಳಿದಾಗ ನನ್ನ ಕೈಯಲ್ಲಿ ಕಿರೀಟ ಬಿಟ್ಟರೆ ಏನೂ ಇರಲಿಲ್ಲ.

“ಭಾತ್ ಎಲ್ರಿ ಸರ?”

ನಾನು ಕಿರೀಟವನ್ನೇ ನೋಡಿದೆ.

“ಇರಲಿ ಮಾರಾಯ್ರೆ, ನಾನು ಹೋಗಿ ತಪಾವ್ ಮಾಡಿಸಿ, ಕಟ್ಟಿಸಿಕೊಂಡು ಬರ್ತೇನೆ,” ಎಂದು ಶೆಟ್ಟರು ತಮ್ಮ ಕಾರು ತೆಗೆದರು. ಅವರು ಹೋದ ಸ್ವಲ್ಪ ಹೊತ್ತಿಗೇ ಮಳೆ ಶುರುವಾಯಿತು. ನಾಟಕ ಆರಂಭವಾಗುವ ವೇಳೆಗೆ ಅವರ ಫೋನ್ ಬಂತು. ಹೆದ್ದಾರಿಯಲ್ಲಿ ವಾಹನಗಳು ಅಲುಗಾಡುತ್ತಿಲ್ಲವಂತೆ. ಭಾತ್ ಸಿಕ್ಕಿತ್ತು. ಪೋಪ್ ಹೋಗಿದ್ದರು!

ಪೋಪ್ ಮಾತುಗಳು ಬರುತ್ತಿದ್ದದ್ದು ಇನ್ನೊಬ್ಬರಿಗೆ ಮಾತ್ರ. ಮನೆಯಲ್ಲಿ ನನಗೆ ಸಂಭಾಷಣೆ ಹೇಳಿಕೊಟ್ಟು ಹೇಳಿಕೊಟ್ಟು ಇಡೀ ನಾಟಕ ಬಾಯಿಗೆ ಬಂದಿದ್ದ ವಸುಧಾಗೆ. ಶೆಟ್ಟರ ಅಳತೆಯ ಬಿಳಿ ನಿಲುವಂಗಿಯಲ್ಲಿ ಅವಳು ಮುಳುಗಿಯೇ ಹೋದಳು. ರಟ್ಟಿನ ಎತ್ತರದ ಟೋಪಿಯ ಕೆಳಗೆ ಎರಡು ಕಣ್ಣು ಕಾಣುತ್ತಿದ್ದವು. ಆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

“ವರ್ಷಕ್ಕೆ ಒಂದು ಕೆಲಸ,” ಎಂದಳು. “ಒಂದು ಡಬ್ಬಿ ತರೋದು. ಅದೂ ಆಗ್ಲಿಲ್ವಾ ನಿಮಗೆ?”

ಅಷ್ಟರಲ್ಲಿ ಪರದೆ ಸರಿಯಿತು.

ನನ್ನ ಪ್ರವೇಶಕ್ಕೆ ಹಾಡು ಶುರುವಾಯಿತು. ಎತ್ತುಗಳು ನನ್ನನ್ನು ಎಳೆದವು. ಕೈಗಾಡಿ ತಯಾರಾಗಿರುವುದು ಭಾರದ ಸರಕಿಗೆ, ನಾನು ಅದಕ್ಕೆ ಯಾವ ಲೆಕ್ಕ? ಬಲಗಡೆಯಿಂದ ರಾಜಗಾಂಭೀರ್ಯದಲ್ಲಿ ಕೈ ಎತ್ತಿ ಒಳಗೆ ಬಂದೆ. ವೇದಿಕೆಯ ನಡುವೆ ಸಿಂಹಾಸನ ಕಂಡಿತು. ಹತ್ತಿರ ಬಂತು. ಹಿಂದೆ ಹೋಯಿತು. ಎತ್ತಿದ ಕೈ ಎತ್ತಿದ ಹಾಗೇ ಎಡಗಡೆಯಿಂದ ಹೊರಗೆ ಹೋಗಿ ನೀರಿನ ಕ್ಯಾನುಗಳ ನಡುವೆ ನಿಂತೆ. ಸಭೆ ಚಪ್ಪಾಳೆ ತಟ್ಟಿತು. ಅಷ್ಟಕ್ಕೇ ಅರಸನ ಪಾತ್ರ ಮುಗಿಯಿತೆಂದು ಹಲವರು ತಿಳಿದರಂತೆ. ನಾನು ನಡೆದುಕೊಂಡು ವಾಪಸ್ ಬಂದಾಗ, “ಗಾಡಿ ಪಾರ್ಕ್ ಮಾಡಿ ಬಂದ್ರು,” ಎಂದು ಯಾರೋ ಸಮಾಧಾನ ಹೇಳಿದರು.

ಆಮೇಲೆ ಸ್ವಲ್ಪ ಹೊತ್ತು ಎಲ್ಲ ಸುಸೂತ್ರವಾಗಿ ನಡೆಯಿತು. ನಾನು ಸಿಂಹಾಸನದ ಮೇಲೆ ಕೂತೆ, ವಿಗ್ ಒಳಗೆ ಬೆವರಿದೆ. ಬಸವರಾಜ್ ಯುದ್ಧ ಗೆದ್ದರು, ತೆರಿಗೆ ತಗ್ಗಿಸಿದರು, ಬಡವರಿಗೆ ಧಾನ್ಯ ಹಂಚಿದರು. ಅವರು ಏನು ಮಾಡಿದರೂ ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಕೂದಲು ಹಿಂದಕ್ಕೆ ಎಸೆದಾಗ ಮಾತ್ರ ನಗುತ್ತಿದ್ದರು. ಪರವಾಗಿಲ್ಲ, ಕೊನೆಯ ದೃಶ್ಯ ನನ್ನದು ಎಂದು ಧೈರ್ಯ ತಂದುಕೊಂಡೆ.

ಪೋಪ್ ಬಂದರು. ಬಸವರಾಜ್ ಮಂಡಿಯೂರಿ, ಗಂಭೀರ ಧ್ವನಿಯಲ್ಲಿ ಕೇಳಿದರು: “ಪೂಜ್ಯರೇ! ಹೆಸರಿಗೆ ಅರಸನಾದವನು ಅರಸನೋ? ರಾಜ್ಯದ ಭಾರ ಹೊತ್ತವನು ಅರಸನೋ? ತಾವೇ ತೀರ್ಪು ಕೊಡಬೇಕು!”

ಪೋಪ್ ನನ್ನ ಕಡೆ ನೋಡಿದರು. “ಪಟ್ಟವಿದ್ದವನೇ,” ಎಂದು ನಾನು ಪಿಸುಗುಟ್ಟಿದೆ. ಮರೆತಿರಬೇಕು ಎಂದುಕೊಂಡು ಇನ್ನೊಂದು ಸಲ ಪಿಸುಗುಟ್ಟಿದೆ. ಪೋಪ್ ಮರೆತಿರಲಿಲ್ಲ. ಟೋಪಿ ಹಿಂದಕ್ಕೆ ತಳ್ಳಿ, ಇಡೀ ಹಾಲ್‌ಗೆ ಕೇಳುವಂತೆ ಹೇಳಿದರು:

“ಕೆಲಸ ಮಾಡುವವನೇ ಅರಸ!”

ಮಂಡಿಯೂರಿದ್ದ ಪೆಪಿನ್ ಗಾಬರಿಯಾದರು. “ವೈನಿ, ಇದು ನಮ್ಮ ಸ್ಕ್ರಿಪ್ಟಿನ್ಯಾಗ ಇಲ್ರಿ,” ಎಂದು ಗುಟ್ಟಾಗಿ ಹೇಳಿದರು. ಅವರ ಕೊರಳಿನ ಮೈಕ್ ಆ ಗುಟ್ಟನ್ನು ಕೊನೆಯ ಸಾಲಿನವರೆಗೆ ತಲುಪಿಸಿತು. ಹಾಲ್ ಹಾರಿಹೋಗುವ ಹಾಗೆ ಶಿಳ್ಳೆ!

ನಾನು ಎದ್ದು ನಿಂತೆ. ಇದು ಚಿಲ್ಡರಿಕ್‌ನ ಪಟ್ಟದ ಪ್ರಶ್ನೆಯಾಗಿ ಉಳಿದಿರಲಿಲ್ಲ. ಎದುರು ಕೂತವರೆಲ್ಲ ಇನ್ನು ಸ್ವಲ್ಪ ಹೊತ್ತಿಗೆ ಕೈ ಎತ್ತಿ ಅಧ್ಯಕ್ಷರನ್ನು ಆರಿಸುವವರು. ಸುಮ್ಮನಿದ್ದರೆ ಕೆಟ್ಟೆ ಎಂದುಕೊಂಡು ಸ್ವಂತ ಮಾತು ಹೊಸೆದೆ. “ಎಲೈ ಪ್ರಜೆಗಳೇ! ಈ ಸಿಂಹಾಸನದ ಮೇಲೆ ಕುಳಿತು ನಿಮಗಾಗಿ ನಾನು ಏನೇನು ಮಾಡಿಲ್ಲ? ನಾನು...”

ಅಲ್ಲಿಗೆ ನಿಂತೆ. ಉದಾಹರಣೆ ಬೇಕಿತ್ತು. ಯೋಚಿಸಿದೆ. ಇನ್ನಷ್ಟು ಯೋಚಿಸಿದೆ.

“ದೀಪ ಹಚ್ಚೀರಿ!” ಎಂದು ಕೆಳಗಿನಿಂದ ಯಾರೋ ನೆನಪಿಸಿದರು.

“ಕಡ್ಡಿ ಗೀರಿಕೊಟ್ಟಿದ್ದು ಬಸಣ್ಣ!” ಎಂದರು ಇನ್ಯಾರೋ.

ಎತ್ತುಗಳು ಕೂಡ ನಕ್ಕವು. ಪಕ್ಕದ ಪರದೆಯಿಂದ ಅನಘಾ ಕೂಗಿದಳು, “ಅಪ್ಪಾ, ನೌ ದೇ ಹ್ಯಾವ್ ಟು ಕಟ್ ಯುವರ್ ಹೇರ್! ದಟ್ಸ್ ವಾಟ್ ಹ್ಯಾಪನ್ಡ್ ಲಾ!” ಬಸವರಾಜ್ ಏನು ಮಾಡುವುದೆಂದು ತೋಚದೆ ಕೈಮುಗಿದು, “ತಪ್ಪು ತಿಳೀಬ್ಯಾಡ್ರಿ ಸರ,” ಎಂದು ವಿಗ್‌ನ ತುದಿ ಹಿಡಿದರು. ಬೆವರಿಗೆ ಸಡಿಲವಾಗಿದ್ದ ವಿಗ್ ಇಡಿಯಾಗಿ ಅವರ ಕೈಗೆ ಬಂತು. ಕ್ಷೌರದ ಅಗತ್ಯವೇ ಬೀಳಲಿಲ್ಲ. ಚರಿತ್ರೆಗೆ ಬೇಕಾಗಿದ್ದ ಬೋಳುತಲೆಯನ್ನು ನಾನು ಮನೆಯಿಂದಲೇ ತಂದಿದ್ದೆ!

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಮ್ಮ ಬಳಗದ ಚರಿತ್ರೆಯಲ್ಲಿ ನಾಟಕವೊಂದಕ್ಕೆ ಹುಬ್ಬಳ್ಳಿ, ಮೈಸೂರು, ಕರಾವಳಿ ಮೂರೂ ಕಡೆಯವರು ಒಟ್ಟಿಗೆ ಎದ್ದು ನಿಂತದ್ದು ಅದೇ ಮೊದಲು.

ಶೆಟ್ಟರು ಭಾತ್ ಡಬ್ಬಿಗಳೊಂದಿಗೆ ಬಂದು ತಲುಪುವಷ್ಟರಲ್ಲಿ ವಾರ್ಷಿಕ ಸಭೆ ಶುರುವಾಗಿತ್ತು. ನಿಯಮದ ಪ್ರಕಾರ ಹಳೆಯ ಅಧ್ಯಕ್ಷನೇ ಅದನ್ನು ನಡೆಸಬೇಕು. ಮುಖದ ಬಣ್ಣವನ್ನೂ ತೊಳೆಯದೆ ನಡೆಸಿದೆ. ಒಬ್ಬರು ಬಸವರಾಜ್ ಹೆಸರು ಸೂಚಿಸಿದರು. ಬಸವರಾಜ್ ಬೇಡ ಬೇಡ ಎಂದರು. ಸಭೆ ಬೇಕು ಬೇಕು ಎಂದಿತು. “ಬೇರೆ ಹೆಸರೇನಾದರೂ ಇದೆಯೇ?” ಎಂದು ನಾನೇ ಕೇಳಬೇಕಾಯಿತು. ಎಲ್ಲರ ಕಣ್ಣೂ ಭಾತ್ ಡಬ್ಬಿಗಳ ಮೇಲಿದ್ದವು. ಇನ್ನೊಮ್ಮೆ, ಸ್ವಲ್ಪ ನಿಧಾನವಾಗಿ, ವಸುಧಾಳ ಕಡೆ ನೋಡುತ್ತ ಕೇಳಿದೆ. ಅವಳು ನಿಲುವಂಗಿ ಮಡಿಸುತ್ತಿದ್ದಳು.

ಆಮೇಲೆ ಊಟಕ್ಕೆ ಅವಳ ಪಕ್ಕ ಹೋಗಿ ಕೂತು, “ಒಂದು ಸಲ ನನ್ನ ಹೆಸರು ಹೇಳಬಾರದಾಗಿತ್ತಾ?” ಎಂದೆ.

“ಪೋಪ್ ಆದವರು ನ್ಯೂಟ್ರಲ್ ಆಗಿರ್ಬೇಕು ಕಣ್ರೀ,” ಎಂದಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. “ಬೇಜಾರಾಯ್ತಾ?”

“ಆಯ್ತು,” ಎಂದೆ. ನಿಜವಾಗಿಯೂ ಆಗಿತ್ತು. ನಾಳೆ ಅಂಗಡಿಯಲ್ಲಿ ತೊಗರಿಬೇಳೆ ಆರಿಸುವಾಗ ನನ್ನನ್ನು ಏನೆಂದು ಕರೆಯುತ್ತಾರೆ ಎಂಬುದೇ ತಿಳಿಯಲಿಲ್ಲ. ವಸುಧಾ ನನ್ನ ತಟ್ಟೆಗೆ ಇನ್ನೊಂದು ಸೌಟು ಭಾತ್ ಬಡಿಸಿದಳು. ತರುವುದನ್ನು ಮರೆತ ಭಾತ್ ರುಚಿಯಾಗಿತ್ತು ಎಂಬುದೂ ಒಂದು ಅವಮಾನ.

ಊಟವಾದ ಮೇಲೆ ನೋಡಿದರೆ ಹೊಸ ಅಧ್ಯಕ್ಷರು ಪೆಪಿನ್ ವೇಷದಲ್ಲೇ ಕುರ್ಚಿ ಎತ್ತಿಡುತ್ತಿದ್ದಾರೆ! ನಾನೂ ಎದ್ದು ಹೋಗಿ ಒಂದು ಕುರ್ಚಿ ಹಿಡಿದೆ.

“ನೀವ್ ಬ್ಯಾಡ್ರಿ ಸರ, ನೀವು ಕುಂದರ್ರಿ.”

“ಕೂತು ಕೂತೇ ಹೀಗಾಯಿತಲ್ಲ ಬಸವರಾಜ್,” ಎಂದೆ.

ಅವರು ನಕ್ಕು, ಒಂದು ಸಾಲು ನನಗೆ ಬಿಟ್ಟುಕೊಟ್ಟರು. ಅರ್ಧ ಸಾಲು ಮುಗಿಸುವಷ್ಟರಲ್ಲಿ ಸೊಂಟ ಹಿಡಿಯಿತು. ಆಗ ಹಾಲ್ ನೋಡಿಕೊಳ್ಳುವ ತಮಿಳು ಹಿರಿಯರು ಕೀಲಿಗೊಂಚಲು ಹಿಡಿದು ಬಂದರು. ನಮ್ಮ ಪ್ರತಿಯೊಂದು ಕಾರ್ಯಕ್ರಮಕ್ಕೂ ಬಾಗಿಲು ತೆಗೆದು, ಕೊನೆಗೆ ಬೀಗ ಹಾಕುವವರು ಅವರೇ. ಆ ಹಿರಿಯರು ಬಸವರಾಜರ ಹೆಗಲ ಮೇಲೆ ಕೈಯಿಟ್ಟು ಮಾತಾಡಿಸಿ, ನನ್ನ ಹತ್ತಿರ ಬಂದು ಕುತೂಹಲದಿಂದ ನೋಡಿದರು.

“ನೀಂಗ ಪುದು ಮೆಂಬರಾ ಸಾರ್?”

ನಾನು ಹೊಸ ಸದಸ್ಯನೇ ಎಂದು ಕೇಳುತ್ತಿದ್ದರು. ಇಷ್ಟು ವರ್ಷ ಇದೇ ವೇದಿಕೆಯ ನಟ್ಟನಡುವೆ, ದೊಡ್ಡ ಕುರ್ಚಿಯಲ್ಲಿ, ಹಾರ ಹಾಕಿಸಿಕೊಂಡು ಕೂತ ನನ್ನನ್ನು! ವಿವರಿಸಲು ಬಾಯಿ ತೆರೆದೆ. ಕೈಯಲ್ಲಿ ಇನ್ನೂ ಕುರ್ಚಿ ಇತ್ತು.

“ಆಮಾ,” ಎಂದೆ, ನನಗೆ ಬರುವಷ್ಟು ತಮಿಳಿನಲ್ಲಿ. “ಇನ್ನಿಕ್ಕು ದಾನ್.” ಹೌದು, ಇವತ್ತೇ ಸೇರಿದ್ದು.

ಅವರಿಗೆ ಸಂತೋಷವಾಯಿತು. ನನ್ನ ಕೈಯಿಂದ ಕುರ್ಚಿ ತೆಗೆದುಕೊಂಡು, ನಾನು ಅಲ್ಲಿಯವರೆಗೆ ಜೋಡಿಸಿದ್ದ ಕುರ್ಚಿಗಳನ್ನೆಲ್ಲ ಕೆಳಗಿಳಿಸಿ, ಹೇಗೆ ಜೋಡಿಸಬೇಕೆಂದು ಮೊದಲಿನಿಂದ ಹೇಳಿಕೊಟ್ಟರು.